ಕೆಡದ ತಿಂಡಿ, ಕೊಳೆಯದ ಕವರ್

ಈ ತಿಂಗಳು ಬಂದ ಪತ್ರಗಳಲ್ಲಿ ಆರನ್ನು ಆರಿಸಿದ್ದೇನೆ. ಆರೂ ಹಾಸನ, ಚಿಕ್ಕಮಗಳೂರು ಕಡೆಯವು. ಆರರಲ್ಲೂ ಪ್ಯಾಕೆಟ್ ಇದೆ. ಮಗುವಿನ ಟಿಫನ್ ಡಬ್ಬಿಯಲ್ಲಿ, ಬೆಟ್ಟದ ಹುಲ್ಲಿನಲ್ಲಿ, ಮದುವೆ ಊಟದ ಎಲೆ ಪಕ್ಕ, ಅಂಗಡಿ ಮುಂದೆ ನೇತಾಡುವ ಸರದಲ್ಲಿ. ಹೆಸರು ಹಾಕಬೇಡಿ ಅಂತ ಕೆಲವರು ಕೇಳಿಕೊಂಡಿದ್ದಾರೆ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನಾನು ಗಾರ್ಮೆಂಟ್ಸ್‌ಗೆ ಹೋಗುತ್ತೇನೆ. ಬೆಳಗ್ಗೆ ಏಳೂವರೆಗೆ ಬಸ್ ಹತ್ತಬೇಕು. ಮಗ ಎರಡನೇ ಕ್ಲಾಸು. ಬೆಳಗ್ಗೆ ಬಿಸ್ಕತ್ತು, ಸಂಜೆ ನೂಡಲ್ಸ್, ನಡುವೆ ಚಿಪ್ಸ್. ಮುದ್ದೆ ಕಂಡರೆ ಮುಖ ತಿರುಗಿಸುತ್ತಾನೆ. ಅತ್ತೆ ದಿನಾ ನನ್ನನ್ನೇ ಬೈಯುತ್ತಾರೆ. ಇದೆಲ್ಲ ಅಷ್ಟು ಕೆಟ್ಟದ್ದಾ? ನಾನೇನು ಮಾಡಲಿ?
– ಹಾಸನದ ಒಬ್ಬ ತಾಯಿ

ಉತ್ತರ: ಮೊದಲು ಒಂದು ಮಾತು, ತಂಗೀ. ಏಳೂವರೆಗೆ ಬಸ್ ಹತ್ತುವ ಹೆಂಗಸು ಐದಕ್ಕೇ ಎದ್ದಿರುತ್ತಾಳೆ, ಅದು ನನಗೆ ಗೊತ್ತು. ಇದನ್ನು ನಿಮ್ಮೊಬ್ಬರ ತಲೆಗೆ ಕಟ್ಟುವುದು ಅನ್ಯಾಯ. ಈ ಉತ್ತರವನ್ನು ಅತ್ತೆಯವರಿಗೂ ಓದಿ ಹೇಳಿ. ಯಾಕೆಂದರೆ ಮುಂದೆ ನಾನು ಹೇಳುವ ಕೆಲಸದಲ್ಲಿ ಒಂದು ಪಾಲು ಅವರದ್ದು, ಒಂದು ಪಾಲು ನಿಮ್ಮ ಯಜಮಾನರದ್ದು.

ಅಷ್ಟು ಕೆಟ್ಟದ್ದಾ ಅಂದರೆ, ಯಾವತ್ತೋ ಒಂದು ದಿನಕ್ಕೆ ಅಲ್ಲ. ದಿನಾ ಮೂರು ಹೊತ್ತೂ ಅದೇ ಆದರೆ ಹೌದು, ಕೆಟ್ಟದ್ದೇ. ಬಿಸ್ಕತ್ತಿನ ಕವರ್ ತಿರುಗಿಸಿ ಹಿಂದೆ ಓದಿ. ಯಾವುದು ಜಾಸ್ತಿ ಇದೆಯೋ ಅದನ್ನು ಮೊದಲು ಬರೆಯಬೇಕು ಅಂತ ಕಾನೂನಿದೆ. ಹೆಚ್ಚಿನ ಬಿಸ್ಕತ್ತುಗಳಲ್ಲಿ ಮೈದಾ, ಸಕ್ಕರೆ, ತಾಳೆ ಎಣ್ಣೆ, ಈ ಮೂರೇ ಮುಂದೆ ನಿಂತಿರುತ್ತವೆ. ಆಮೇಲೆ ಐಎನ್‌ಎಸ್ ನಂಬರುಗಳು, ಅಂದರೆ ಬೆರೆಸಿದ ಪುಡಿ, ಬಣ್ಣಗಳ ಗುರುತಿನ ಸಂಖ್ಯೆಗಳು ಬರುತ್ತವೆ. ನಂಬರ್ ಕಂಡ ತಕ್ಷಣ ವಿಷ ಅಂತ ಗಾಬರಿಯಾಗಬೇಡಿ, 500 ಅಂದರೆ ಅಡುಗೆ ಸೋಡಾ ಅಷ್ಟೇ. ನನ್ನ ಚಿಂತೆಯೆಲ್ಲ ಆ ಮೊದಲ ಮೂರರದ್ದು. ಕಾಳಿನ ಹೊಟ್ಟು, ಮೊಳಕೆ, ನಾರು ಎಲ್ಲ ತೆಗೆದರೆ ಹಿಟ್ಟು ಬೇಗ ಕೆಡುವುದಿಲ್ಲ. ಅಂಗಡಿಯಲ್ಲಿ ಆರು ತಿಂಗಳು ಕೂರಬೇಕಾದ ತಿಂಡಿಗೆ ಅಂಥ ಹಿಟ್ಟೇ ಬೇಕು. ಮಗುವಿಗೆ ಬೇಕಾಗಿದ್ದು ಮಾತ್ರ ತೆಗೆದು ಹಾಕಿದ ಭಾಗದಲ್ಲೇ ಇತ್ತು.

ಇನ್ನೊಂದು ವಿಷಯವನ್ನು ನಿಮ್ಮಂಥ ತಾಯಂದಿರಿಗೆ ನಾನು ಮತ್ತೆ ಮತ್ತೆ ಹೇಳುತ್ತೇನೆ. ಅಮೆರಿಕದಲ್ಲಿ ಕೆವಿನ್ ಹಾಲ್ ಅನ್ನುವ ವಿಜ್ಞಾನಿ ಮತ್ತು ಅವರ ಜೊತೆಯವರು 2019ರಲ್ಲಿ ಒಂದು ಪ್ರಯೋಗದ ಫಲಿತಾಂಶ ಹೊರತಂದರು. 20 ಜನರನ್ನು ಒಂದು ತಿಂಗಳು ತಮ್ಮಲ್ಲೇ ಇಟ್ಟುಕೊಂಡು, ಎರಡು ವಾರ ಫ್ಯಾಕ್ಟರಿಯಲ್ಲಿ ತಯಾರಾದ ಆಹಾರ, ಎರಡು ವಾರ ಆಗಷ್ಟೇ ಬೇಯಿಸಿದ ಊಟ ಕೊಟ್ಟರು. ಬಡಿಸಿದ್ದರಲ್ಲಿ ಸಕ್ಕರೆ, ಕೊಬ್ಬು, ಉಪ್ಪು, ನಾರು ಎರಡು ಕಡೆಯೂ ಸಮ ಇರುವಂತೆ ನೋಡಿಕೊಂಡು, ಎಷ್ಟು ಬೇಕಾದರೂ ತಿನ್ನಿ ಅಂದರು. ಫ್ಯಾಕ್ಟರಿ ಆಹಾರದ ವಾರಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು. ನಮ್ಮ ಲೆಕ್ಕಕ್ಕೆ 150 ಗ್ರಾಂ ರಾಗಿ ಹಿಟ್ಟಿನಷ್ಟು. ಎರಡೇ ವಾರಕ್ಕೆ ಹತ್ತಿರ ಹತ್ತಿರ ಒಂದು ಕೆಜಿ ತೂಕ ಏರಿತು. ಊಟ ಬದಲಾದ ಮೇಲೆ ಅಷ್ಟೇ ಇಳಿಯಿತು. ಅವರೆಲ್ಲ ಹೊಟ್ಟೆಬಾಕರೇನಲ್ಲ. ನಿಮ್ಮ ಮಗನೂ ಹಠಮಾರಿಯಲ್ಲ. ಬಾಯಿಗಿಟ್ಟ ಕೂಡಲೇ ಕರಗುವ ತಿಂಡಿ, ಹೊಟ್ಟೆ ತುಂಬಿತು ಅಂತ ತಲೆಗೆ ಗೊತ್ತಾಗುವ ಮೊದಲೇ ಖಾಲಿಯಾಗಿರುತ್ತದೆ.

ಮೂರೂ ಹೊತ್ತನ್ನು ಒಂದೇ ಸಲ ಬದಲಾಯಿಸಲು ಹೋಗಬೇಡಿ, ಮನೆಯಲ್ಲಿ ಜಗಳ ಆಗುತ್ತದೆ. ಸಂಜೆಯಿಂದ ಶುರು ಮಾಡಿ. ಸ್ಕೂಲಿಂದ ಬಂದ ಮಗು ಕಣ್ಣಿಗೆ ಬಿದ್ದದ್ದನ್ನು ತಿನ್ನುತ್ತದೆ. ಡಬ್ಬದಲ್ಲಿ ಬಿಸ್ಕತ್ತಿದ್ದರೆ ಬಿಸ್ಕತ್ತು, ಬುಟ್ಟಿಯಲ್ಲಿ ಬಾಳೆಹಣ್ಣಿದ್ದರೆ ಬಾಳೆಹಣ್ಣು. ಬೇಯಿಸಿದ ಕಡಲೆಕಾಯಿ, ಗೆಣಸು, ಹುರಿಗಡಲೆ ಬೆಲ್ಲ, ಸೊಗಡಿನ ಅವರೆಕಾಯಿ ಬಂದಾಗ ಉಪ್ಪು ಹಾಕಿ ಬೇಯಿಸಿದ ಕಾಳು, ಇವು ಯಾವುದಕ್ಕೂ ನೀವು ಮನೆಯಲ್ಲಿ ಇರಬೇಕಾಗಿಲ್ಲ, ಅತ್ತೆಯವರು ಕೊಡಬಹುದು. ಮುದ್ದೆ ಬೇಡ ಅನ್ನುವ ಮಕ್ಕಳು ಈರುಳ್ಳಿ, ಸಬ್ಬಸಿಗೆ ಸೊಪ್ಪು ಹಾಕಿ ಗರಿಗರಿಯಾಗಿ ತಟ್ಟಿದ ರಾಗಿ ರೊಟ್ಟಿಯನ್ನು ಕೇಳಿ ಹಾಕಿಸಿಕೊಳ್ಳುತ್ತಾರೆ. ನೂಡಲ್ಸ್ ವಾರಕ್ಕೊಂದು ದಿನ ಇರಲಿ. ಅದರ ಮಸಾಲೆ ಪುಡಿ ಅರ್ಧ ಹಾಕಿ, ಒಂದು ಮೊಟ್ಟೆ, ಒಂದಿಷ್ಟು ಕ್ಯಾರೆಟ್ ಬೀನ್ಸ್ ಸೇರಿಸಿ. ಹೋಂವರ್ಕ್ ಮಾಡಿದರೆ ಚಿಪ್ಸ್ ಕೊಡಿಸುತ್ತೇನೆ ಅನ್ನುವುದನ್ನು ಮಾತ್ರ ಪೂರ್ತಿ ನಿಲ್ಲಿಸಿ. ಆ ಮಾತಿನಿಂದ ಚಿಪ್ಸ್ ಬಹುಮಾನವಾಗುತ್ತದೆ, ಊಟ ಶಿಕ್ಷೆಯಾಗುತ್ತದೆ.

ನಮ್ಮ ಮನೆಯಲ್ಲೂ ಒಂದು ತಪ್ಪು ನಡೆದಿತ್ತು. ಅಪ್ಪನಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾದಾಗ ಕಾಫಿಗೆ ಸಕ್ಕರೆ ಹಾಕುವುದನ್ನು ಬಿಟ್ಟೆವು, ಅದರ ಜೊತೆಗೆ ದಿನಾ ನಾಲ್ಕು ಮಾರಿ ಬಿಸ್ಕತ್ತು ಕೊಟ್ಟೆವು. ತೆಳ್ಳಗಿದೆ, ಸಿಹಿ ಕಡಿಮೆ, ಕಾಯಿಲೆಯವರಿಗೆ ಒಳ್ಳೆಯದು ಅಂತ ನಂಬಿದ್ದೆವು. ಅದರ ಹಿಂದೆ ಬರೆದಿದ್ದನ್ನು ಓದಲು ನಾನು ಎರಡು ವರ್ಷ ತಡ ಮಾಡಿದೆ. ಇವತ್ತಿಗೂ ಆಸ್ಪತ್ರೆಗೆ ರೋಗಿ ನೋಡಲು ಹೋಗುವವರ ಕೈಯಲ್ಲಿ ಬ್ರೆಡ್, ಬಿಸ್ಕತ್ತಿನ ಚೀಲ ಕಂಡರೆ ನನಗೆ ಸಂಕಟವಾಗುತ್ತದೆ.

ಪ್ರಶ್ನೆ: ನನಗೆ 52 ವರ್ಷ, ಬಿಪಿ ಇದೆ. ಉಪ್ಪಿನಕಾಯಿ ಬಿಟ್ಟೆ, ಸಾರಿಗೂ ಉಪ್ಪು ಕಡಿಮೆ. ರಾತ್ರಿ ಊಟದ ಬದಲು ಪ್ಯಾಕೆಟ್ ಸೂಪ್, ಬ್ರೆಡ್ ತಗೊಳ್ಳುತ್ತೇನೆ. ಆದರೂ ಬಿಪಿ ಇಳಿದಿಲ್ಲ.
– ಬೇಲೂರು

ಉತ್ತರ: ಸೂಪ್ ಪ್ಯಾಕೆಟ್ ತಿರುಗಿಸಿ ನೋಡಿ ಸಾರ್. ಪೋಷಕಾಂಶದ ಪಟ್ಟಿಯಲ್ಲಿ ಉಪ್ಪನ್ನು ಸೋಡಿಯಂ ಲೆಕ್ಕದಲ್ಲಿ ಬರೆದಿರುತ್ತಾರೆ. ಆ ಸಂಖ್ಯೆಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಎಷ್ಟು ಅಂತ ಸಿಗುತ್ತದೆ. 1000 ಮಿಲಿಗ್ರಾಂ ಸೋಡಿಯಂ ಅಂದರೆ ಎರಡೂವರೆ ಗ್ರಾಂ ಉಪ್ಪು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಂದರೆ ಒಂದು ಟೀ ಚಮಚ. ಪಟ್ಟಿಯಲ್ಲಿರುವ ಸೋಡಿಯಂ ಸಂಖ್ಯೆ 100 ಗ್ರಾಂಗೋ, ಒಂದು ಸಲ ತಿನ್ನುವಷ್ಟಕ್ಕೋ ಅನ್ನುವುದನ್ನೂ ನೋಡಿಕೊಳ್ಳಿ, ಎಲ್ಲರೂ ಎಡವುವುದು ಅಲ್ಲೇ. ಬ್ರೆಡ್ ಉಪ್ಪುಪ್ಪಾಗಿ ಇರುವುದಿಲ್ಲ, ಆದರೆ ಅದರಲ್ಲೂ ಉಪ್ಪಿದೆ. ಸಾರಿನ ಉಪ್ಪು ನಿಮ್ಮ ಕೈಯಲ್ಲಿದೆ, ಪ್ಯಾಕೆಟ್ಟಿನದ್ದು ಇಲ್ಲ. ರಾತ್ರಿಗೆ ಉಪ್ಪು ಕಡಿಮೆ ಹಾಕಿದ ಬಸ್ಸಾರು, ಸಣ್ಣ ಮುದ್ದೆಗೆ ಮರಳಿ. ಮಾತ್ರೆಯನ್ನು ನೀವಾಗೇ ಹೆಚ್ಚು ಕಡಿಮೆ ಮಾಡಬೇಡಿ, ಡಾಕ್ಟರನ್ನು ಕೇಳಿ.

ಪ್ರಶ್ನೆ: ಏನಮ್ಮಾ, ಪ್ಯಾಕೆಟ್ ತಿನ್ನಬೇಡಿ ಅಂತ ಬರೀತಾನೇ ಇದ್ದೀಯ. ನಾವೂ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ವರ್ಷಗಟ್ಟಲೆ ಇಟ್ಟು ತಿಂದವರೇ. ಅದೂ ಅದೇ ಅಲ್ವಾ? ನಮಗೇನಾಯ್ತು?
– ಅರಸೀಕೆರೆಯ ಅಜ್ಜಿ

ಉತ್ತರ: ನೀವು ಕೇಳಿದ್ದು ಸರಿಯಾಗಿದೆ ಅಜ್ಜಿ. ರಾಗಿ ಬೀಸುವುದೂ ಸಂಸ್ಕರಣೆಯೇ, ಹಾಲು ಹೆಪ್ಪು ಹಾಕುವುದೂ ಸಂಸ್ಕರಣೆಯೇ. ಬ್ರೆಜಿಲ್‌ನ ಕಾರ್ಲೋಸ್ ಮೊಂಟೆರೊ ಅವರ ತಂಡ ಆಹಾರವನ್ನು ನಾಲ್ಕು ಗುಂಪು ಮಾಡಿತು. ಕಾಳು, ತರಕಾರಿ, ಹಾಲು ಒಂದನೆಯದು. ಎಣ್ಣೆ, ಬೆಲ್ಲ, ಉಪ್ಪು ಎರಡನೆಯದು. ನಿಮ್ಮ ಉಪ್ಪಿನಕಾಯಿ ಮೂರನೆಯದಕ್ಕೆ ಸೇರುತ್ತದೆ. ನಾಲ್ಕನೆಯದು, ಅಡುಗೆಮನೆಯಲ್ಲಿ ಇರದ ಪದಾರ್ಥಗಳನ್ನು ಕೂಡಿಸಿ ಕಾರ್ಖಾನೆಯಲ್ಲಿ ಮಾಡಿದ್ದು. ಕೃತಕ ರುಚಿ, ಬಣ್ಣ, ಒಡೆಯದಂತೆ ಹಿಡಿದಿಡುವ ಪುಡಿಗಳು, ಬೇರೆ ಬೇರೆ ಹೆಸರಿನ ಸಕ್ಕರೆಗಳು. ನಾನು ಬರೆಯುವುದು ಆ ನಾಲ್ಕನೆಯದರ ಬಗ್ಗೆ.

ಇನ್ನೂ ಒಂದು ವ್ಯತ್ಯಾಸ ಇದೆ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹಪ್ಪಳಕ್ಕೆ ಬೇಸಿಗೆ ಬರಬೇಕು, ಹಿಟ್ಟು ಕುಟ್ಟಬೇಕು, ನಾಲ್ಕು ಮನೆಯ ಹೆಂಗಸರು ಕೂರಬೇಕು, ಮಾಳಿಗೆ ಮೇಲೆ ಕಾಗೆ ಕಾಯಬೇಕು. ಅಷ್ಟು ಕಷ್ಟಪಟ್ಟು ಮಾಡಿದ್ದನ್ನು ಯಾರೂ ಟಿವಿ ನೋಡುತ್ತಾ ಹತ್ತು ಹಪ್ಪಳ ತಿನ್ನುತ್ತಿರಲಿಲ್ಲ. ಊಟಕ್ಕೆ ಒಂದು, ಮಳೆ ಬಂದ ದಿನ ಎರಡು. ಈಗ ಕಷ್ಟ ಯಾರಿಗೂ ಕಾಣುವುದಿಲ್ಲ, ಹತ್ತು ರೂಪಾಯಿ ಕೊಟ್ಟರೆ ಸಾಕು. ಹಾಗಂತ ಉಪ್ಪಿನಕಾಯಿಯಲ್ಲಿ ಉಪ್ಪು ಕಡಿಮೆ ಅಂತಲ್ಲ ಅಜ್ಜಿ, ಬಿಪಿ ಇದ್ದರೆ ಎಲೆ ತುದಿಗೆ ಇಟ್ಟಷ್ಟೇ ಸಾಕು.

ಪ್ರಶ್ನೆ: ನಾವು ಏಳೆಂಟು ಜನ ಕಾಲೇಜು ಹುಡುಗರು ತಿಂಗಳಿಗೊಮ್ಮೆ ಮುಳ್ಳಯ್ಯನಗಿರಿ ದಾರಿಯಲ್ಲಿ ಕಸ ಹೆಕ್ಕುತ್ತೇವೆ. ಚೀಲದ ತುಂಬ ಚಿಪ್ಸ್, ಬಿಸ್ಕತ್ತು ಕವರ್. ಬಾಟಲಿಗಳನ್ನು ಗುಜರಿಯವರು ತಗೋತಾರೆ, ಕವರ್ ಮುಟ್ಟಲ್ಲ. ಕೆಲವರು ಸುಟ್ಟುಬಿಡಿ ಅಂತಾರೆ. ಏನು ಮಾಡೋಣ ಅಕ್ಕಾ? ಪ್ಲಾಸ್ಟಿಕ್ ನಿಷೇಧ ಆಗಿದೆಯಲ್ಲ, ಆದರೂ ಇದು ಹೇಗೆ ಬರುತ್ತಿದೆ?
– ಚಿಕ್ಕಮಗಳೂರು

ಉತ್ತರ: ನಿಮ್ಮ ಪತ್ರ ಓದಿ ಖುಷಿಯೂ ಆಯಿತು, ಸಿಟ್ಟೂ ಬಂತು. ಸಿಟ್ಟು ನಿಮ್ಮ ಮೇಲಲ್ಲ. ಕಸ ಹಾಕಿದವರು ಶನಿವಾರ, ಭಾನುವಾರ ಬಂದು ಹೋಗಿರುತ್ತಾರೆ, ಬೆನ್ನು ಬಗ್ಗಿಸುವವರು ನೀವು.

ಸುಡಬೇಡಿ. ಇದೊಂದನ್ನು ಖಂಡಿತವಾಗಿ ಹೇಳುತ್ತೇನೆ. ಬೀದಿಯ ಬೆಂಕಿಗೆ ಕಸವನ್ನು ಪೂರ್ತಿ ಸುಡುವಷ್ಟು ಕಾವು ಇರುವುದಿಲ್ಲ. ಅರೆಬರೆ ಸುಟ್ಟ ಪ್ಲಾಸ್ಟಿಕ್ಕಿನ ಹೊಗೆ ವಿಷ, ಕಸದಲ್ಲಿ ಪಿವಿಸಿ ಥರದ ಪ್ಲಾಸ್ಟಿಕ್ ಸೇರಿಕೊಂಡಿದ್ದರೆ ಡಯಾಕ್ಸಿನ್ ಅನ್ನುವ ಕಡುವಿಷ ಕೂಡ ಬರುತ್ತದೆ. ಅದನ್ನು ಮೊದಲು ಉಸಿರಾಡುವವರು ಸುತ್ತ ನಿಂತ ನೀವೇ.

ಗುಜರಿಯವರು ಯಾಕೆ ಮುಟ್ಟುವುದಿಲ್ಲ ಅಂದರೆ, ಆ ಕವರ್ ನೋಡಲು ಒಂದೇ ಹಾಳೆ, ಒಳಗೆ ಪದರ ಪದರ. ಹೊರಗೆ ಬಣ್ಣದ ಪ್ಲಾಸ್ಟಿಕ್, ನಡುವೆ ಬೆಳ್ಳಿಯಂತೆ ಹೊಳೆಯುವ ತೆಳು ಅಲ್ಯೂಮಿನಿಯಂ, ಒಳಗೆ ಅಂಟಿಸಿ ಮುಚ್ಚಲು ಇನ್ನೊಂದು ಪ್ಲಾಸ್ಟಿಕ್. ಬೆಳಕು, ಗಾಳಿ, ತೇವ ಒಳಗೆ ಹೋಗಬಾರದು. ಹೋದರೆ ಎಣ್ಣೆ ಕಮಟು ಹೊಡೆಯುತ್ತದೆ, ಚಿಪ್ಸ್ ಮೆತ್ತಗಾಗುತ್ತದೆ. ಅದಕ್ಕೇ ಒಳಗೆ ನೈಟ್ರೋಜನ್ ಗಾಳಿ ತುಂಬುತ್ತಾರೆ. ತಿಂಡಿಯನ್ನು ತಿಂಗಳುಗಟ್ಟಲೆ ಕೆಡದಂತೆ ಕಾಯುವ ಆ ಪದರಗಳನ್ನು ಬಿಡಿಸಲು ತಗಲುವ ಖರ್ಚು ಅದರಿಂದ ಸಿಗುವ ಸಾಮಾನಿಗಿಂತ ಜಾಸ್ತಿ. ಹತ್ತು ನಿಮಿಷ ತಿನ್ನಲು ಒಂದು ವಸ್ತು ಮಾಡಿ, ಅದಕ್ಕೆ ನೂರಾರು ವರ್ಷ ಬಾಳುವ ಅಂಗಿ ತೊಡಿಸುತ್ತಾರೆ.

ನಿಷೇಧದ ಬಗ್ಗೆ ಕೇಳಿದಿರಿ. ನಮ್ಮ ರಾಜ್ಯ 2016ರಲ್ಲೇ ಕ್ಯಾರಿಬ್ಯಾಗ್, ತಟ್ಟೆ ಲೋಟಗಳನ್ನು ನಿಷೇಧಿಸಿತು. ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ಸ್ಟ್ರಾ, ಚಮಚ, ತಟ್ಟೆಯಂಥ ಕೆಲವು ವಸ್ತುಗಳನ್ನು ನಿಲ್ಲಿಸಿತು. ಚಿಪ್ಸ್ ಕವರ್ ಆ ಪಟ್ಟಿಯಲ್ಲಿಲ್ಲ. ಅದನ್ನು ತಯಾರಿಸಿ ಮಾರುವ ಕಂಪನಿಯೇ ವಾಪಸ್ ಸಂಗ್ರಹಿಸುವ ಹೊಣೆ ಹೊರಬೇಕು ಅಂತ ನಿಯಮ ಇದೆ, 2022ರ ಫೆಬ್ರವರಿಯಲ್ಲಿ ಅದಕ್ಕೆ ಗುರಿಗಳನ್ನೂ ಗೊತ್ತುಮಾಡಿದ್ದಾರೆ. ನಿಮ್ಮ ಚೀಲ ತೋರಿಸಿ ಕೇಳಬೇಕಾದ್ದು ಇದನ್ನೇ. ಹೆಕ್ಕಿದ್ದನ್ನು ಒಣಗಿಸಿ, ಕವರ್ ಬೇರೆ ಬಾಟಲಿ ಬೇರೆ ಮಾಡಿ, ತೂಕ ಬರೆದಿಟ್ಟುಕೊಂಡು, ಗ್ರಾಮ ಪಂಚಾಯಿತಿ ಅಥವಾ ನಗರಸಭೆಯ ಒಣ ಕಸದ ಘಟಕಕ್ಕೆ ಕೊಡಿ, ಕೊಟ್ಟಿದ್ದಕ್ಕೆ ಸಹಿ ಮಾಡಿಸಿಕೊಳ್ಳಿ. ಇಂಥ ಕವರ್‌ಗಳನ್ನು ಸಿಮೆಂಟ್ ಕಾರ್ಖಾನೆಗಳ ಗೂಡಿಗೆ ಕಳಿಸುವ ವ್ಯವಸ್ಥೆ ಇದೆ. ಅಲ್ಲಿನ ಕಾವು ಬೇರೆಯದೇ. ಯಾವ ಕಂಪನಿಯ ಕವರ್ ಎಷ್ಟು ಸಿಕ್ಕಿತು ಅಂತ ಆರು ತಿಂಗಳು ಎಣಿಸಿ, ಆ ಲೆಕ್ಕವನ್ನು ಜಿಲ್ಲಾಧಿಕಾರಿಗಳ ಕಚೇರಿಗೆ ಕೊಡಿ.

ಮುಳ್ಳಯ್ಯನಗಿರಿ 1930 ಮೀಟರ್ ಎತ್ತರ, ರಾಜ್ಯಕ್ಕೇ ಎತ್ತರದ ಬೆಟ್ಟ. ಅಲ್ಲಿನ ಹುಲ್ಲುಗಾವಲು, ಶೋಲಾ ಕಾಡು ಮಳೆ ನೀರು ಹಿಡಿದಿಟ್ಟು ಮೆಲ್ಲಗೆ ಬಿಡುತ್ತವೆ. ಯಗಚಿ ನದಿ ಹುಟ್ಟುವುದು ಅದೇ ಬಾಬಾಬುಡನ್‌ಗಿರಿ ಸಾಲಿನಲ್ಲಿ. ಬೇಲೂರಿನ ಕಡೆ ಹರಿದು ಹೇಮಾವತಿ ಸೇರುತ್ತದೆ, ಅಲ್ಲಿಂದ ಕಾವೇರಿ. ನೀವು ಹೆಕ್ಕದೆ ಬಿಟ್ಟ ಕವರ್ ಚೂರುಚೂರಾಗಿ ಅದೇ ದಾರಿಯಲ್ಲಿ ಕೆಳಗೆ ಬರುತ್ತದೆ.

ಪ್ರಶ್ನೆ: ಮಗಳ ಮದುವೆ. ಸಾವಿರದೈನೂರು ಜನ ಆಗಬಹುದು. ಅಡುಗೆಯವರು ಎಲೆಗೊಂದು ನೀರಿನ ಬಾಟಲಿ, ಪೇಪರ್ ಕಪ್ಪಲ್ಲಿ ಕಾಫಿ ಅಂತಿದ್ದಾರೆ. ಸ್ಟೀಲ್ ಲೋಟ ಇಟ್ಟರೆ ಬೀಗರು ಏನಂದುಕೊಳ್ಳುತ್ತಾರೋ ಅಂತ ಮನೆಯವರ ಚಿಂತೆ.
– ಹೊಳೆನರಸೀಪುರ

ಉತ್ತರ: ಮೊದಲು ಅಭಿನಂದನೆ. ಒಬ್ಬೊಬ್ಬರಿಗೆ ಎರಡು ಹೊತ್ತಿನ ಊಟ ಅಂತಿಟ್ಟುಕೊಂಡರೆ ಮೂರು ಸಾವಿರ ಬಾಟಲಿ ಆಯಿತು. ಅರ್ಧ ಕುಡಿದು ಬಿಟ್ಟ ಬಾಟಲಿಗಳನ್ನು ಎಲೆ ಎತ್ತುವ ಹೆಂಗಸರು ಎಂಜಲಿನ ಜೊತೆಗೇ ಒಂದೇ ಚೀಲಕ್ಕೆ ಸುರಿಯುತ್ತಾರೆ, ನೀವೇ ಯಾವುದಾದರೂ ಚೌಲ್ಟ್ರಿ ಹಿಂದೆ ಹೋಗಿ ನೋಡಿ. ಬಾಳೆ ಎಲೆಯನ್ನು ದನ ತಿಂದರೆ ಊಟ. ಪ್ಲಾಸ್ಟಿಕ್ ಸೇರಿದ ಎಲೆಯನ್ನು ತಿಂದರೆ ಅದರ ಹೊಟ್ಟೆಯಲ್ಲಿ ಗಂಟು.

ಪೇಪರ್ ಕಪ್ ಪೇಪರ್ ಮಾತ್ರ ಅಲ್ಲ. ಒಳಗೆ ತೆಳು ಪ್ಲಾಸ್ಟಿಕ್ ಲೇಪ ಇರುತ್ತದೆ, ಇಲ್ಲದಿದ್ದರೆ ಕಾಫಿ ಸೋರುತ್ತದೆ. ಅಂಥ ಕಪ್ಪಿನಲ್ಲಿ 100 ಮಿಲಿ ಬಿಸಿ ನೀರು 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣ ಬಿಡುತ್ತದೆ ಅಂತ ಖರಗಪುರದ ಐಐಟಿಯವರು 2020ರಲ್ಲಿ ತೋರಿಸಿದರು. ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಇದ್ದುಕೊಂಡು ನಾವು ಅದನ್ನು ಕುಡಿಯಬೇಕಾ? ಲೋಟ ಬಾಡಿಗೆಗೆ ಸಿಗುತ್ತದೆ, ತೊಳೆಯಲು ನಾಲ್ಕು ಜನರಿಗೆ ಕೂಲಿ ಕೊಡಿ. ಬಾಟಲಿಯ ದುಡ್ಡು ಹಾಗೇ ಅವರ ಕೈಗೆ ಹೋಗಲಿ. ಬೀಗರಿಗೆ ನೀವೇ ಮೊದಲು ಫೋನ್ ಮಾಡಿ, ನಮ್ಮಲ್ಲಿ ಸ್ಟೀಲ್ ಲೋಟ, ಬಾಳೆ ಎಲೆ ಅಂತ ಹೇಳಿಬಿಡಿ. ಅವರ ಮನೆಯಲ್ಲೂ ಬಹುಶಃ ಇದೇ ಚಿಂತೆ ನಡೆದಿರುತ್ತದೆ. ಒಬ್ಬರಿಗೊಬ್ಬರು ಹೆದರಿಕೊಂಡೇ ಎಷ್ಟು ಮದುವೆಗಳಲ್ಲಿ ಎಷ್ಟು ದುಡ್ಡು ಹೋಯಿತು ಅಂತ ನೆನೆದರೆ ಬೇಸರವಾಗುತ್ತದೆ.

ಪ್ರಶ್ನೆ: ನಿಮ್ಮ ಅಂಕಣ ಓದುತ್ತೇನೆ ಮೇಡಂ, ನೀವು ಬೈಯುವುದನ್ನೆಲ್ಲ ಮಾರುವವನು ನಾನೇ. ಸ್ಕೂಲ್ ಹತ್ತಿರ ಸಣ್ಣ ಅಂಗಡಿ. ಐದು, ಹತ್ತು ರೂಪಾಯಿ ಪ್ಯಾಕೆಟ್ಟಿನಿಂದಲೇ ಸಂಸಾರ. ಮಾರದಿದ್ದರೆ ಪಕ್ಕದವನು ಮಾರುತ್ತಾನೆ. ನನ್ನ ಮಗಳೇ ಅದನ್ನು ತಿನ್ನುತ್ತಾಳೆ, ಅದೇ ನೋವು.
– ಚನ್ನರಾಯಪಟ್ಟಣ

ಉತ್ತರ: ಈ ಪತ್ರ ಬರೆಯಲು ಧೈರ್ಯ ಬೇಕಿತ್ತು ಅಣ್ಣಾ. ನಿಮ್ಮ ಮೇಲೆ ನನಗೆ ಕೋಪವಿಲ್ಲ. ನಿಮ್ಮ ಅಂಗಡಿಗೆ ಡಿಸ್ಟ್ರಿಬ್ಯೂಟರ್ ವ್ಯಾನ್ ಬಾಗಿಲಿಗೇ ಬರುತ್ತದೆ, ಸ್ಕೀಮ್ ಕೊಡುತ್ತದೆ, ನೇತುಹಾಕಲು ಸ್ಟ್ಯಾಂಡ್, ತಂಪು ಮಾಡಲು ಫ್ರಿಡ್ಜ್ ಕೊಡುತ್ತದೆ. ಚಕ್ಕುಲಿ ಮಾಡುವ ಹೆಂಗಸಿಗೆ ವ್ಯಾನೂ ಇಲ್ಲ, ಸ್ಕೀಮೂ ಇಲ್ಲ. ಮಕ್ಕಳ ಕಣ್ಣಿನ ಎತ್ತರಕ್ಕೆ ಸರ ಕಟ್ಟುವುದನ್ನು ನೀವು ಕಂಡುಹಿಡಿದಿದ್ದಲ್ಲ, ಅವರು ಹೇಳಿಕೊಟ್ಟಿದ್ದು. ಐದು ರೂಪಾಯಿ ಅನ್ನುವ ಬೆಲೆಯೂ ಮಗುವಿನ ಜೇಬಿಗೆ ಅಳೆದು ಹೊಲಿದದ್ದು.

ಒಂದು ಲೆಕ್ಕ ಮಾಡೋಣ. ಹತ್ತು ರೂಪಾಯಿ ಚಿಪ್ಸ್ ಮೇಲೆ 20 ಗ್ರಾಂ ಅಂತ ಇದ್ದರೆ ಕೆಜಿಗೆ 500 ರೂಪಾಯಿ ಆಯಿತು. ಒಂದು ಕೆಜಿ ಚಿಪ್ಸ್‌ಗೆ ಸುಮಾರು ನಾಲ್ಕು ಕೆಜಿ ಆಲೂಗಡ್ಡೆ ಬೇಕು. ನಮ್ಮ ಹಾಸನದ ರೈತರು ಜಲಂಧರ್‌ನಿಂದ ಬಿತ್ತನೆ ಗೆಡ್ಡೆ ತರಿಸಿ, ಮುಂಗಾರಿಗೆ ನೆಟ್ಟು, ಅಂಗಮಾರಿ ರೋಗಕ್ಕೆ ಔಷಧಿ ಹೊಡೆದು ಬೆಳೆಯುತ್ತಾರಲ್ಲ, ಅವರಿಗೆ ಆ ನಾಲ್ಕು ಕೆಜಿಗೆ ಎಷ್ಟು ಸಿಗುತ್ತದೆ ಅಂತ ನಿಮಗೇ ಗೊತ್ತು. ಉಳಿದದ್ದು ಎಣ್ಣೆ, ಕವರ್, ಲಾರಿ, ಜಾಹೀರಾತು, ಲಾಭ. ಆ ಎಣ್ಣೆ ಎಷ್ಟೋ ಸಲ ಇಂಡೋನೇಷ್ಯಾ, ಮಲೇಷ್ಯಾದ ತಾಳೆ ಎಣ್ಣೆ. ಅಲ್ಲಿ ಮಳೆಕಾಡು ಕಡಿದು ತಾಳೆ ತೋಟ ಮಾಡಿದ್ದಾರೆ, ಆ ಎಣ್ಣೆಯನ್ನು ಜಗತ್ತಿನಲ್ಲೇ ಹೆಚ್ಚು ಆಮದು ಮಾಡಿಕೊಳ್ಳುವ ದೇಶ ನಮ್ಮದು.

ಎಲ್ಲ ಪ್ಯಾಕೆಟ್ ನಾಳೆಯೇ ತೆಗೆದುಹಾಕಿ ಅಂತ ನಾನು ಹೇಳುವುದಿಲ್ಲ, ನಿಮ್ಮ ಸಂಸಾರ ನಡೆಯಬೇಕು. ಸರಗಳನ್ನು ಮುಂದಿನಿಂದ ತೆಗೆದು ನಿಮ್ಮ ಬೆನ್ನ ಹಿಂದಿನ ಗೋಡೆಗೆ ಹಾಕಿ, ಕೇಳಿದವರಿಗೆ ಕೊಡಿ. ಮುಂದೆ ಗಾಜಿನ ಭರಣಿಗಳನ್ನು ಇಡಿ. ಕಡಲೆಕಾಯಿ ಬರ್ಫಿ, ಎಳ್ಳುಂಡೆ, ಕೊಡುಬಳೆ, ಹುರಿಗಡಲೆ. ಚನ್ನರಾಯಪಟ್ಟಣದಲ್ಲಿ ತೆಂಗಿಗೇನು ಬರವೇ, ಕೊಬ್ಬರಿ ಮಿಠಾಯಿ ಇಡಿ. ಕೊಡುಬಳೆಯೂ ಕರಿದದ್ದೇ, ಮಿಠಾಯಿಯಲ್ಲೂ ಸಿಹಿ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಒಂದು ತಿಂದರೆ ಹೊಟ್ಟೆಗೆ ಏನೋ ಬಿತ್ತು ಅನ್ನಿಸುತ್ತದೆ, ಕಾಗದದಲ್ಲಿ ಸುತ್ತಿಕೊಡಬಹುದು, ದುಡ್ಡು ಊರಲ್ಲೇ ಉಳಿಯುತ್ತದೆ. ಅಚ್ಚಾದ ನ್ಯೂಸ್ ಪೇಪರ್ ಬೇಡ, ಅದರ ಶಾಯಿ ಒಳ್ಳೆಯದಲ್ಲ, ಖಾಲಿ ಕಾಗದ ತನ್ನಿ. ಮಾಡಿಕೊಡಲು ನಿಮ್ಮೂರಿನ ಸ್ತ್ರೀಶಕ್ತಿ ಸಂಘದವರನ್ನು ಕೇಳಿ. ಮನೆಯಲ್ಲಿ ಮಾಡಿ ಮಾರುವವರಿಗೂ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು, ಆನ್‌ಲೈನ್‌ನಲ್ಲೇ ಆಗುತ್ತದೆ, ಅದನ್ನು ಮಾಡಿಸಿಬಿಡಿ.

ಮಗಳನ್ನು ಅಂಗಡಿಯಲ್ಲಿ ಕೂರಿಸಿಕೊಂಡು ಲೇಬಲ್ ಓದುವುದನ್ನು ಹೇಳಿಕೊಡಿ. ಕೂಲ್ ಡ್ರಿಂಕ್ಸ್ ಬಾಟಲಿಯಲ್ಲಿ 100 ಮಿಲಿಗೆ 10 ಗ್ರಾಂ ಸಕ್ಕರೆ ಅಂತಿದ್ದರೆ 250 ಮಿಲಿಗೆ 25 ಗ್ರಾಂ, ಅದನ್ನು ತಕ್ಕಡಿಯಲ್ಲಿ ತೂಗಿ ಬಟ್ಟಲಿಗೆ ಹಾಕಿ ತೋರಿಸಿ. ತಕ್ಕಡಿ ನಿಮ್ಮ ಕೈಯಲ್ಲೇ ಇದೆ, ಈ ಪಾಠಕ್ಕೆ ನಿಮಗಿಂತ ಒಳ್ಳೆಯ ಮೇಷ್ಟ್ರು ಸಿಗುವುದಿಲ್ಲ.

ಮೂರು ತಿಂಗಳು ಭರಣಿ ಇಟ್ಟು ನೋಡಿ, ಯಾವುದು ಎಷ್ಟು ಹೋಯಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಆ ಲೆಕ್ಕವನ್ನು ನನಗೆ ಕಳಿಸಿ, ಇದೇ ಪುಟದಲ್ಲಿ ಹಾಕುತ್ತೇನೆ. ನಷ್ಟವಾಗಿದ್ದರೆ ನಷ್ಟ ಅಂತಲೇ ಬರೆಯಿರಿ, ಅದನ್ನೂ ಹಾಗೇ ಹಾಕುತ್ತೇನೆ.